ದಂಚಿಲೆ ದೊಡ್ಡಮ್ಮನ ಮೂಗು

ಕತ್ತೆಯ ಬೆನ್ನಿಗೆ ದೊಡ್ಡದೊಂದು ನೀಲಿ ಡ್ರಮ್ಮು ಬಿಗಿದುಕೊಂಡು ಅಮರೆಚ್ ಅತ್ತಿಗೆ ಬೆಟ್ಟ ಹತ್ತಿದ ದಿನ ನಮ್ಮೂರಿನ ಅರ್ಧ ಜನ ಬೇಲಿಗೆ ಬಂದು ನಿಂತಿದ್ದರು. ಹಗ್ಗ ಸಡಿಲವಾಗಿ ಡ್ರಮ್ಮು ಒಂದು ಪಕ್ಕಕ್ಕೆ ವಾಲಿತ್ತು. ಕತ್ತೆ ಹೆಜ್ಜೆ ಇಟ್ಟಾಗಲೆಲ್ಲ ಅದು ಢಬಢಬ ಅನ್ನುತ್ತಿತ್ತು. ನಾನು ಹಿಂದಿನಿಂದ ಒಂದು ಕೈ ಆನಿಸಿಕೊಂಡು ನಡೆಯುತ್ತಿದ್ದೆ.

ಮನೆಯಂಗಳದಲ್ಲಿ ದಂಚಿಲೆ ದೊಡ್ಡಮ್ಮ ಎಲೆ ಸೀಳುತ್ತ ಕೂತಿದ್ದಳು. ತಲೆ ಎತ್ತಿ ಡ್ರಮ್ಮನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಏನೇ ಇದು? ನನ್ನ ಮಗನ್ನ ಇದರೊಳಗೆ ಕೂರಿಸಿ ಮುಚ್ಚಳ ಹಾಕ್ತೀಯಾ?"

"ಅವರು ಇದರೊಳಗೆ ಹಿಡಿಸಲ್ಲ ಅತ್ತೆ. ಕಾಫಿ ಹಣ್ಣಿಗೆ ತಂದಿದ್ದು."

"ಹಣ್ಣನ್ನ ಒಣಗಿಸ್ತಾರೆ, ಇಲ್ಲ ತೊಳೀತಾರೆ. ಡ್ರಮ್ಮಲ್ಲಿ ತುಂಬಿ ಏನ್ ಮಾಡ್ತಾರೆ? ಹೆಂಡ ಕಾಯಿಸ್ತಾರಾ?"

ಬೇಲಿಯಲ್ಲಿದ್ದವರು ನಕ್ಕರು. ಅತ್ತಿಗೆ ಹಗ್ಗ ಬಿಚ್ಚತೊಡಗಿದಳು.

ದಂಚಿಲೆ ನನ್ನ ತಾಯಿಯ ಅಕ್ಕ. ಅವಳ ಒಬ್ಬನೇ ಮಗ ಲಾತಾಮೊ, ಅವನ ಹೆಂಡತಿ ಅಮರೆಚ್. ನಾನು ಕಾಯಾಮೊ. ಬೆಟ್ಟದ ಬುಡದಲ್ಲಿರುವ ಕಾಫಿ ಕೇಂದ್ರದಲ್ಲಿ ತಕ್ಕಡಿ ನೋಡಿಕೊಳ್ಳುತ್ತೇನೆ. ಬೆನ್ಸಾ ಸೀಮೆಯ ಈ ಬೆಟ್ಟಗಳ ನಾನೂರು ಮನೆಯವರು ತಾವು ಬಿಡಿಸಿದ ಹಣ್ಣನ್ನು ನನ್ನ ತಕ್ಕಡಿಗೆ ಸುರಿಯುತ್ತಾರೆ. ಆಮೇಲೆ ಎಲ್ಲರ ಹಣ್ಣೂ ಒಂದೇ ತೊಟ್ಟಿಗೆ ಬಿದ್ದು ಒಂದಾಗಿಬಿಡುತ್ತದೆ. ಯಾರ ಹಣ್ಣು ಯಾವುದು ಎಂದು ಬೇರ್ಪಡಿಸಲು ಆಮೇಲೆ ದೇವರಿಂದಲೂ ಆಗುವುದಿಲ್ಲ. ಆದರೆ ಸುರಿಯುವ ಹೊತ್ತಿಗೆ ನನಗೆ ಗೊತ್ತಾಗುತ್ತಿತ್ತು. ಅಮರೆಚ್ ಅತ್ತಿಗೆಯ ಬುಟ್ಟಿಯಲ್ಲಿ ಒಂದು ಹಸಿರು ಕಾಯಿಯಾಗಲಿ, ಒಂದು ಒಣಗಿದ ಹಣ್ಣಾಗಲಿ ಕಾಣುತ್ತಿರಲಿಲ್ಲ. ಎಲ್ಲವೂ ಒಂದೇ ಕಡುಗೆಂಪು.

ಅದನ್ನು ಗಮನಿಸಿದ ಇನ್ನೊಬ್ಬಳು ಸೆಲಮಾವಿತ್. ಹವಾಸಾ ಪಟ್ಟಣದಿಂದ ಬಂದ ಹುಡುಗಿ. ಕೇಂದ್ರದಲ್ಲಿ ಕಾಫಿಯ ಗುಣಮಟ್ಟ ನೋಡುವ ಕೆಲಸ ಅವಳದು. "ಈ ಹಣ್ಣನ್ನ ಬೇರೆಯವರದರ ಜತೆ ಬೆರೆಸೋಕೆ ನನ್ನ ಕೈ ಬರಲ್ಲ," ಅಂದಳು ಒಂದು ದಿನ. "ಅಕ್ಕಾ, ನೀವು ಮನೇಲೇ ಮಾಡಿ. ಡ್ರಮ್ಮು ನಾನು ಕೊಡ್ತೀನಿ. ಹಣ್ಣು ತುಂಬಿ, ಗಾಳಿ ಆಡದ ಹಾಗೆ ಮುಚ್ಚಿ, ಆರು ದಿನ ಬಿಡಿ. ಒಳಗೇ ಹುಳಿಯೇರತ್ತೆ. ಆಮೇಲೆ ಬಲೆ ಬಿಗಿದ ಮಂಚದ ಮೇಲೆ ಹರಡಿ ನಿಧಾನಕ್ಕೆ ಒಣಗಿಸಿ. ಚೆನ್ನಾಗಿ ಬಂದ್ರೆ ನಿಮ್ಮ ತೋಟದ್ದೇ ಹೆಸರಲ್ಲಿ ಬೇರೆ ಚೀಲ ಕಟ್ಟೋಣ."

ಹಾಗೆ ಬಂದದ್ದು ಆ ಡ್ರಮ್ಮು.

ಅತ್ತೆ ಸೊಸೆಯರ ಮಾತು ಅಷ್ಟು ಖಾರವಾಗಿರಲು ಒಂದು ಹಳೆಯ ಕಾರಣವಿತ್ತು. ಅಮರೆಚ್ ದಿಲ್ಲಾ ಪೇಟೆಯವಳು. ನಮ್ಮಲ್ಲಿ ಊಟ ಎಂದರೆ ವೆಸೆ. ನೋಡಲು ಬಾಳೆಯ ಗಿಡವೇ, ಆದರೆ ತಿನ್ನುವುದು ಹಣ್ಣನ್ನಲ್ಲ, ದಿಂಡನ್ನು. ಹೆಂಗಸರು ಅದನ್ನು ಹೆರೆದು, ಎಲೆ ಹಾಸಿದ ಗುಂಡಿಯಲ್ಲಿ ತುಂಬಿ, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಹುಳಿ ಬರಿಸುತ್ತಾರೆ. ಆ ಹಿಟ್ಟಿನಿಂದ ರೊಟ್ಟಿ. ಗಂಡಸರು ಆ ಗುಂಡಿಯ ಹತ್ತಿರ ಸುಳಿಯುವಂತಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಅಮರೆಚ್, ಅತ್ತೆಗೆ ಸಹಾಯ ಮಾಡೋಣವೆಂದು ಗುಂಡಿಯ ಎಲೆ ಸರಿಸಿ ನೋಡಿ ಸರಿಯಾಗಿ ಮುಚ್ಚದೆ ಬಂದಳು. ಮಳೆನೀರು ಇಳಿದು ಇಡೀ ಗುಂಡಿ ಕೆಟ್ಟಿತು. ಅಂದಿನಿಂದ ಹದಿನೇಳು ವರ್ಷ ದೊಡ್ಡಮ್ಮ ಅವಳನ್ನು ಗುಂಡಿಯ ಹತ್ತಿರ ಸೇರಿಸಿರಲಿಲ್ಲ. ಊರಲ್ಲಿ ಯಾರದಾದರೂ ಹಿಟ್ಟು ಕೆಟ್ಟರೆ ಸಾಕು, "ನಮ್ಮ ಪೇಟೆ ಸೊಸೆ ಹೋಗಿದ್ಲಾ ಆ ಕಡೆಗೆ?" ಎಂದು ಕೇಳುತ್ತಿದ್ದಳು.

ಅತ್ತಿಗೆ ಮೂರು ದಿನ ಒಂದೊಂದೇ ಹಣ್ಣು ನೋಡಿ ಬಿಡಿಸಿದಳು. ನೀರಲ್ಲಿ ಹಾಕಿ ತೇಲಿದ್ದನ್ನು ತೆಗೆದುಹಾಕಿದಳು. ಮುಳುಗಿದ್ದನ್ನು ಡ್ರಮ್ಮಿಗೆ ತುಂಬಿ, ಮುಚ್ಚಳದ ಸುತ್ತ ಕಬ್ಬಿಣದ ಪಟ್ಟಿ ಬಿಗಿದಳು. "ಆರು ದಿನ ಯಾರೂ ಮುಟ್ಟಬೇಡಿ" ಎಂದು ಮಕ್ಕಳಿಗೆ, ಗಂಡನಿಗೆ ಹೇಳಿದಳು. ಅತ್ತೆಗೆ ಬೇರೆಯಾಗಿ ಹೇಳಲಿಲ್ಲ.

ಏಳನೆಯ ದಿನ ಬೆಳಗ್ಗೆ ಲಾತಾಮೊ ಅಣ್ಣ ನನ್ನ ಹತ್ತಿರ ಓಡಿಬಂದ. "ಕಾಯಾಮೊ, ಆ ಹವಾಸಾ ಹುಡುಗೀನ ಕರ್ಕೊಂಡು ಬಾ. ಏನೋ ಸರಿಯಿಲ್ಲ."

ಅಂಗಳಕ್ಕೆ ಕಾಲಿಡುವ ಮೊದಲೇ ವಾಸನೆ ಬಡಿಯಿತು. ಹಳಸಿದ ಗಂಜಿಗೆ ಯಾರೋ ಕೊಳೆತ ಈರುಳ್ಳಿ ಬೆರೆಸಿದಂತಿತ್ತು. ಹಣ್ಣುಗಳ ಮೇಲೆ ಬಿಳಿ ಬೂಸ್ಟು. ಸೆಲಮಾವಿತ್ ಒಂದು ಹಿಡಿ ಎತ್ತಿ ನೋಡಿ ಕೆಳಗೆ ಬಿಟ್ಟಳು.

"ಒಳಗೆ ಗಾಳಿ ಹೋಗಿದೆ ಅಕ್ಕಾ. ಒಂದು ಸಲ ಅಲ್ಲ. ದಿನಾ."

ಅತ್ತಿಗೆ ಕಬ್ಬಿಣದ ಪಟ್ಟಿಯನ್ನು ತಿರುಗಿಸಿ ನೋಡಿದಳು. ಅವಳು ಕೊಂಡಿಯನ್ನು ಎಡಕ್ಕೆ ಹಾಕಿದ್ದಳು. ಬೆಳಗ್ಗೆ ತೆಗೆದಾಗ ಅದು ಬಲಕ್ಕಿತ್ತು. ಅವಳು ಯಾರನ್ನೂ ಕೇಳಲಿಲ್ಲ, ನೇರ ಅತ್ತೆಯತ್ತ ತಿರುಗಿದಳು.

"ತೆಗೆದ್ರಾ?"

"ತೆಗೀದೆ ಒಳಗೇನಾಗಿದೆ ಅಂತ ಹೇಗೆ ಗೊತ್ತಾಗತ್ತೆ? ಸುಮ್ನೆ ಮೂಗಿಟ್ಟು ನೋಡಿದೆ ಅಷ್ಟೇ."

"ದಿನಾ?"

"ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ."

ಅತ್ತಿಗೆ ಅಳಲಿಲ್ಲ. ಕೂಗಾಡಲೂ ಇಲ್ಲ. ಸಣ್ಣ ದನಿಯಲ್ಲಿ, ಆದರೆ ಬೇಲಿಯಾಚೆಗೂ ಕೇಳುವಂತೆ ಹೇಳಿದಳು: "ಅತ್ತೆ, ನಾನು ಹತ್ತೊಂಬತ್ತು ವರ್ಷದ ಹುಡುಗಿ ಆಗಿದ್ದಾಗ ನಿಮ್ಮ ಗುಂಡಿ ಒಂದ್ಸಲ ತೆಗೆದೆ. ಹದಿನೇಳು ವರ್ಷ ಅದನ್ನೇ ಹೇಳಿದ್ರಿ. ಈಗ ನಾನು ಎಷ್ಟು ವರ್ಷ ಹೇಳ್ಲಿ, ನೀವೇ ಹೇಳಿ."

ದೊಡ್ಡಮ್ಮ ಎದ್ದು ಒಳಗೆ ಹೋದಳು. ಅಷ್ಟೂ ಹಣ್ಣನ್ನು ಅತ್ತಿಗೆ ಬುಟ್ಟಿ ಬುಟ್ಟಿಯಾಗಿ ಹೊತ್ತು ಗೊಬ್ಬರದ ಗುಂಡಿಗೆ ಹಾಕಿದಳು. ಲಾತಾಮೊ ಅಣ್ಣ ಬುಟ್ಟಿಗೆ ಕೈ ಹಾಕಿದರೆ ತಳ್ಳಿದಳು.

ಮಾರನೆಯ ದಿನ ಮಧ್ಯಾಹ್ನ ನಾನು ತಕ್ಕಡಿಯ ಮುಂದೆ ಕೂತಿದ್ದೇನೆ, ಕೋಲೂರಿಕೊಂಡು ದೊಡ್ಡಮ್ಮ ಬರುತ್ತಿದ್ದಾಳೆ. ಅವಳು ಬೆಟ್ಟ ಇಳಿದು ವರ್ಷಗಳೇ ಆಗಿದ್ದವು. ಮೊಣಕಾಲಿನವರೆಗೂ ಕೆಸರು.

"ದೊಡ್ಡಮ್ಮಾ, ಒಬ್ಳೇ ಬಂದ್ಯಾ?"

"ಯಾಕೆ, ಹೊತ್ಕೊಂಡು ಬರೋಕೆ ನೀನು ಬಂದಿದ್ಯಾ? ಆ ಹುಡುಗಿ ಎಲ್ಲಿ?"

ಸೆಲಮಾವಿತ್ ಕೇಂದ್ರದ ಹಿಂದಿನ ನೆರಳಿನಲ್ಲಿದ್ದಳು. ಅಲ್ಲಿ ಅವಳದೇ ಆರು ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ದೊಡ್ಡಮ್ಮ ಕೂರಲೂ ಇಲ್ಲ, ನೀರೂ ಕೇಳಲಿಲ್ಲ.

"ಮಗಾ, ಮುಚ್ಚಳ ತೆಗೀದೆ ಒಳಗಿಂದು ತಿಳ್ಕೊಳ್ಳೋದು ಹೇಗೆ? ನಮ್ಮ ಗುಂಡೀಲಿ ಎಲೆ ಸಂದೀಲಿ ಬೆರಳು ಹಾಕ್ತೀವಿ. ಇದಕ್ಕೆ ಸಂದೀನೇ ಇಲ್ಲ."

ಸೆಲಮಾವಿತ್ ಅವಳನ್ನು ಮೊದಲ ಡ್ರಮ್ಮಿನ ಹತ್ತಿರ ಕರೆದೊಯ್ದಳು. ಮುಚ್ಚಳದಲ್ಲಿ ಒಂದು ತೂತು, ಅದರಿಂದ ಸಣ್ಣ ಪೈಪು, ಪೈಪಿನ ತುದಿ ಒಂದು ನೀರಿನ ಬಾಟಲಿಯಲ್ಲಿ ಮುಳುಗಿತ್ತು. ಒಳಗಿನ ಗಾಳಿ ಗುಳುಗುಳು ಎಂದು ನೀರಿನ ಮೂಲಕ ಹೊರಗೆ ಬರುತ್ತಿತ್ತು, ಹೊರಗಿನದು ಒಳಗೆ ಹೋಗುವಂತಿರಲಿಲ್ಲ.

"ನಿಮ್ಮನೆ ಡ್ರಮ್ಮಿಗೆ ಪೈಪು ಹಾಕಿರಲಿಲ್ಲ ಅಜ್ಜಿ. ಆಗ ನನ್ನ ಹತ್ರ ಮುಗಿದುಹೋಗಿತ್ತು. ಆರು ದಿನ ತಾನೇ, ನಡೆಯತ್ತೆ ಅಂದ್ಕೊಂಡೆ. ಅದು ನನ್ನ ತಪ್ಪು."

ದೊಡ್ಡಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು, ಬಾಟಲಿಯ ಬಾಯಿಗೆ ಮೂಗು ಒಡ್ಡಿ ಕಣ್ಣು ಮುಚ್ಚಿದಳು. ಆಮೇಲೆ ಎರಡನೆಯದಕ್ಕೆ ಹೋದಳು. ಮೂರು, ನಾಲ್ಕು. ಐದನೆಯದರ ಹತ್ತಿರ ನಿಂತವಳು ಮತ್ತೆ ನಾಲ್ಕಕ್ಕೆ ವಾಪಸು ಬಂದಳು.

"ಇದನ್ನ ಇವತ್ತೇ ತೆಗಿ. ನಾಳೆ ಅಂದ್ರೆ ಹೋಯ್ತು."

"ಅದಕ್ಕಿನ್ನೂ ಎರಡು ದಿನ ಇದೆ ಅಜ್ಜಿ."

"ನೀನು ಎಣಿಸ್ತಿದೀಯ. ಅದು ಎಣಿಸ್ತಿಲ್ಲ."

ಸೆಲಮಾವಿತ್ ನಗುತ್ತಲೇ ತನ್ನ ಹುಳಿ ಅಳೆಯುವ ಯಂತ್ರ ತಂದಳು. ಡ್ರಮ್ಮಿನ ಕೆಳಗಿನ ನಲ್ಲಿಯಿಂದ ಒಂದು ಲೋಟ ರಸ ಹಿಡಿದು ಅದರಲ್ಲಿ ಅದ್ದಿದಳು. ಅಂಕಿ ನೋಡಿದಳು. ನಗು ನಿಂತಿತು. ಕೆಲಸದವರನ್ನು ಕೂಗಿ, ನಾಲ್ಕನೆಯ ಡ್ರಮ್ಮನ್ನು ಆಗಲೇ ಮಂಚಕ್ಕೆ ಸುರಿಸಿದಳು.

ಸಂಜೆ ದೊಡ್ಡಮ್ಮ ಮನೆಗೆ ಹೊರಟಾಗ ನನ್ನ ಹೆಗಲ ಮೇಲೆ ಇನ್ನೊಂದು ಡ್ರಮ್ಮಿತ್ತು. ಅವಳ ಸೀರೆಯಷ್ಟುದ್ದದ ಬಿಳಿ ಶಾಲಿನ ಗಂಟಿನಲ್ಲಿ ಎರಡು ಪೈಪು, ಎರಡು ಬಾಟಲಿ. ಮನೆ ತಲುಪಿ ಅವನ್ನು ಸೊಸೆಯ ಮುಂದಿಟ್ಟಳು.

"ಮೇಲಿನ ತೋಟದ ಹಣ್ಣು ಇನ್ನೂ ಬಿಡಿಸಿಲ್ಲ ಅಲ್ವಾ?"

"ಇಲ್ಲ."

"ನಾಳೆ ನಾನೂ ಬರ್ತೀನಿ ಬಿಡಿಸೋಕೆ. ಕೆಳಗಿನ ರೆಂಬೆ ನಂಗೆ ಬಿಡು."

ಅತ್ತಿಗೆ ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಊಟ ಮಾಡಿ ಅತ್ತೆ, ತಣ್ಣಗಾಗಿದೆ" ಅಂದಳು.

ಈ ಸಲ ಎರಡು ಡ್ರಮ್ಮು ತುಂಬಿತು. ಒಂದನ್ನು ಬಿಸಿಲು ತಾಗುವ ಕಡೆ, ಇನ್ನೊಂದನ್ನು ಗೋಡೆಯ ನೆರಳಲ್ಲಿ ಇಟ್ಟರು. ದೊಡ್ಡಮ್ಮ ಮುಕ್ಕಾಲಿ ಮಣೆ ಹಾಕಿಕೊಂಡು ಎರಡರ ನಡುವೆ ಕಾವಲು ಕೂತಳು. ಕೋಳಿ ಹತ್ತಿರ ಬಂದರೂ ಕೋಲೆತ್ತುತ್ತಿದ್ದಳು. ನೋಡಲು ಬಂದ ನೆರೆಯವರಿಗೆ ತಾನೇ ಪೈಪಿನ ಮರ್ಮ ವಿವರಿಸಿದಳು, ತಾನೇ ಕಂಡುಹಿಡಿದಂತೆ.

ಮೂರನೆಯ ದಿನ ಸೊಸೆಯನ್ನು ಕರೆದಳು. "ಬಾ ಇಲ್ಲಿ. ಮೂಗಿಡು. ಏನು ಬರ್ತಿದೆ?"

"ಹಸಿ ಎಲೆ ಥರ."

"ಸರಿ. ನಾಳೆ ಬಾ."

ಮರುದಿನ ಅತ್ತಿಗೆ ಬಹಳ ಹೊತ್ತು ಬಗ್ಗಿಯೇ ಇದ್ದಳು. "ಜೇನು... ಸ್ವಲ್ಪ."

"ಅದೇ. ಮೊದಲು ಎಲೆ, ಆಮೇಲೆ ಜೇನು, ಆಮೇಲೆ ಜೇನಿನ ಹೆಂಡ. ಹೆಂಡ ಬಂತು ಅಂದ್ರೆ ಕೆಟ್ಟಿತು ಅಂತಲೇ. ಜೇನು ಪೂರ್ತಿ ತುಂಬಬೇಕು, ಹೆಂಡ ಬಾಗಿಲಿಗೆ ಬಂದಿರಬೇಕು, ಆದ್ರೆ ಒಳಗೆ ಕಾಲಿಟ್ಟಿರಬಾರದು. ಗುಂಡಿದೂ ಇಷ್ಟೇ ಲೆಕ್ಕ."

"ಗುಂಡೀಲಿ ಜೇನಿನ ವಾಸನೆ ಎಲ್ಲಿ ಬರತ್ತೆ?"

"ನಿಂಗೇನು ಗೊತ್ತು, ನೀನು ಅಲ್ಲಿಗೆ ಬಂದೇ ಇಲ್ಲ."

ಬಾರದಿರಲು ಕಾರಣ ಯಾರೆಂದು ಇಬ್ಬರಿಗೂ ಗೊತ್ತಿತ್ತು. ದೊಡ್ಡಮ್ಮನೇ ಮೊದಲು ನಕ್ಕಳು.

ಐದನೆಯ ದಿನ ಬೆಳಗ್ಗೆ ಬಿಸಿಲ ಕಡೆಯ ಡ್ರಮ್ಮನ್ನು ತೆಗೆಸಿದಳು. ಸೆಲಮಾವಿತ್ ಬರೆದುಕೊಟ್ಟಿದ್ದ ಚೀಟಿಯಲ್ಲಿ ಆರು ದಿನ ಎಂದಿತ್ತು. ಅತ್ತಿಗೆ ಚೀಟಿಯನ್ನು ಮಡಿಸಿ ಒಳಗಿಟ್ಟು ಬಂದಳು. ಹಣ್ಣು ಮಂಚದ ಮೇಲೆ ಬಿದ್ದಾಗ ಅಂಗಳವೆಲ್ಲ ಘಮ್ಮೆಂದಿತು. ಜೇನುಹುಳುಗಳು ಎಲ್ಲಿಂದಲೋ ಬಂದವು.

ನೆರಳಿನ ಡ್ರಮ್ಮು ಉಳಿಯಿತು. ಆ ವಾರ ಚಳಿ ಹೆಚ್ಚಿತ್ತು. "ಇದಕ್ಕೆ ಎಂಟು ದಿನ ಬೇಕು" ಎಂದು ದೊಡ್ಡಮ್ಮ ಮೊದಲೇ ತೀರ್ಪು ಕೊಟ್ಟಿದ್ದಳು. ಏಳನೆಯ ದಿನ ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದೆ. ಅತ್ತಿಗೆ ಬಾಟಲಿಗೆ ಮೂಗಿಟ್ಟು ಎದ್ದು ನಿಂತಳು.

"ಅತ್ತೆ, ಇದು ಆಯ್ತು."

"ಇಲ್ಲ. ನಾಳೆ."

"ಆಯ್ತು ಅತ್ತೆ. ಬಾಗಿಲಿಗೆ ಬಂದಿದೆ."

ದೊಡ್ಡಮ್ಮ ಹೋಗಿ ಮೂಸಿದಳು. "ಎಲ್ಲಿ ಬಂದಿದೆ? ಜೇನೇ ಇನ್ನೂ ಅರ್ಧ. ನಾಲ್ಕು ದಿನ ಮೂಗಿಟ್ಟು ನಂಗೆ ಹೇಳಿಕೊಡ್ತೀಯಾ?"

ಅತ್ತಿಗೆ ಗಂಡನ ಮುಖ ನೋಡಿದಳು. ಲಾತಾಮೊ ಅಣ್ಣ ತಟ್ಟೆಯ ಮೇಲೆ ಬಗ್ಗಿದ. ನನ್ನ ಮುಖ ನೋಡಿದಳು. ನಾನೂ ಬಗ್ಗಿದೆ. ಆ ವರ್ಷದ ಕೊನೆಯ ಹಣ್ಣು ಅದು, ಇನ್ನೊಂದು ಸಲ ತುಂಬಲು ಗಿಡದಲ್ಲಿ ಏನೂ ಉಳಿದಿರಲಿಲ್ಲ. ಅವಳು ಬಾವಿಯ ಹತ್ತಿರ ಹೋಗಿ ಮುಖ ಮೂಗು ಚೆನ್ನಾಗಿ ತೊಳೆದುಕೊಂಡು ಬಂದು ಮತ್ತೊಮ್ಮೆ ಮೂಸಿದಳು. ಆಮೇಲೆ ಕಬ್ಬಿಣದ ಪಟ್ಟಿಯ ಕೊಂಡಿ ಎಳೆದಳು.

ದೊಡ್ಡಮ್ಮ ಎರಡು ದಿನ ಅವಳೊಡನೆ ಮಾತಾಡಲಿಲ್ಲ.

ಆದರೆ ಮಂಚದ ಕೆಲಸ ಮಾತು ಬಿಟ್ಟವರನ್ನು ಬಹಳ ದಿನ ಹಾಗೇ ಇರಗೊಡುವುದಿಲ್ಲ. ಹಣ್ಣನ್ನು ಗಂಟೆಗೊಮ್ಮೆ ಕೈಯಾಡಿಸಬೇಕು. ನಡು ಮಧ್ಯಾಹ್ನ ಬಿಸಿಲಿಗೆ ಮುಚ್ಚಬೇಕು, ಸಂಜೆ ಇಬ್ಬನಿಗೆ ಮುಚ್ಚಬೇಕು, ಬಟ್ಟೆಯ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಬೇಕೇ ಬೇಕು. ಇಪ್ಪತ್ತಾರು ದಿನ ಅತ್ತೆ ಸೊಸೆ ಎದುರುಬದುರು ನಿಂತು ಕೆಟ್ಟ ಹಣ್ಣು ಆರಿಸಿದರು. ಒಂದು ದಿನ ದೊಡ್ಡಮ್ಮ ಯಾರೂ ಕೇಳದೆ ಹೇಳಿದಳಂತೆ, ತಾನು ಮದುವೆಯಾಗಿ ಬಂದಾಗ ತಾನೂ ಒಂದು ಗುಂಡಿ ಕೆಡಿಸಿದ್ದೆ ಎಂದು. "ನನ್ನತ್ತೆ ಒಂದೇ ಸಲ ಬೈದು ಮರೆತುಬಿಟ್ಟಳು. ನಂಗೆ ಅಷ್ಟೂ ಆಗ್ಲಿಲ್ಲ." ಅತ್ತಿಗೆ ಅದನ್ನು ನನಗೆ ಹೇಳುವಾಗ ಕಣ್ಣು ಒರೆಸಿಕೊಂಡಳು. ಆ ವಾರವೇ ಇಬ್ಬರೂ ವೆಸೆ ತೋಟಕ್ಕೆ ಒಟ್ಟಿಗೆ ಹೋದರು. ಅಲ್ಲಿ ಏನು ನಡೆಯಿತೋ ಗಂಡಸಾದ ನನಗೆ ತಿಳಿಯದು. ವಾಪಸು ಬರುವಾಗ ಹಿಟ್ಟಿನ ಬುಟ್ಟಿ ಅತ್ತಿಗೆಯ ತಲೆಯ ಮೇಲಿತ್ತು.

ಫೆಬ್ರವರಿಯಲ್ಲಿ ಹವಾಸಾದಿಂದ ರುಚಿ ನೋಡುವವರು ಕೇಂದ್ರಕ್ಕೆ ಬಂದರು. ಸೆಲಮಾವಿತ್ ಅತ್ತೆ ಸೊಸೆ ಇಬ್ಬರನ್ನೂ ಕರೆಸಿದಳು. ದೊಡ್ಡಮ್ಮ ಹಬ್ಬದ ಬಟ್ಟೆ ಉಟ್ಟು ಬಂದಳು. ಉದ್ದನೆಯ ಮೇಜು, ಬಿಳಿ ಬಟ್ಟಲುಗಳ ಸಾಲು, ಪುಡಿಯ ಮೇಲೆ ಬಿಸಿನೀರು. ನಾಲ್ಕು ಜನ ಚಮಚದಲ್ಲಿ ಸೊರ್ ಎಂದು ಹೀರಿ ಡಬ್ಬಿಗೆ ಉಗುಳಿ, ಹಾಳೆಯಲ್ಲಿ ಗೀಚಿ, ಮುಂದಿನ ಬಟ್ಟಲಿಗೆ ಸರಿಯುತ್ತಿದ್ದರು.

"ಇಷ್ಟು ಒಳ್ಳೆ ಬಟ್ಟೆ ಹಾಕ್ಕೊಂಡು ಉಗೀತಾರಲ್ಲ," ಅಂದಳು ದೊಡ್ಡಮ್ಮ, ತನ್ನ ಪ್ರಕಾರ ಪಿಸುಮಾತಿನಲ್ಲಿ.

ಅವರಲ್ಲಿ ಹಿರಿಯ, ವೊಂಡಿಮು ಎಂಬ ನರೆಗೂದಲಿನ ಮನುಷ್ಯ, ನಕ್ಕು ಅವಳ ಕೈಗೂ ಒಂದು ಚಮಚ ಕೊಟ್ಟರು. ದೊಡ್ಡಮ್ಮ ಎಲ್ಲರಿಗಿಂತ ಜೋರಾಗಿ ಹೀರಿದಳು. ಉಗುಳಲಿಲ್ಲ.

"ಇದನ್ನ ಹುರಿದಿದ್ದಾ, ಬಿಸಿಲಿಗೆ ತೋರಿಸಿದ್ದಾ? ಇದು ಕಾಫಿಯಲ್ಲ ಸ್ವಾಮಿ, ಹಣ್ಣಿನ ಕಷಾಯ."

ಆದರೂ ಬಿಡಲಿಲ್ಲ. ಸಾಲಿನುದ್ದಕ್ಕೂ ಹೋದಳು. ಒಂಬತ್ತನೆಯ ಬಟ್ಟಲಿನ ಹತ್ತಿರ ನಿಂತು ಮುಖ ಹಿಂಡಿದಳು. "ಇದರ ಗುಂಡಿಗೆ ನೀರಿಳಿದಿದೆ." ವೊಂಡಿಮು ತಮ್ಮ ಹಾಳೆಯನ್ನು ಸುಮ್ಮನೆ ಅವಳ ಕಡೆ ತಿರುಗಿಸಿದರು. ಅವಳಿಗೆ ಓದಲು ಬರುವುದಿಲ್ಲ. ಸೆಲಮಾವಿತ್ ಓದಿ ಹೇಳಿದಳು, ಒಂಬತ್ತರ ಎದುರಿಗೆ ಅವರು ಆಗಲೇ ಅಡ್ಡಗೆರೆ ಎಳೆದಿದ್ದರು.

ಎಲ್ಲ ಮುಗಿದು ಅಂಕ ಓದಿದರು. ನೂರಕ್ಕೆ ಎಂಬತ್ತು ದಾಟಿದರೆ ಒಳ್ಳೆಯ ಕಾಫಿ. ಬಿಸಿಲ ಕಡೆಯ ಡ್ರಮ್ಮಿಗೆ ಎಂಬತ್ತಾರೂವರೆ ಬಂತು. ನೆರಳಿನ ಡ್ರಮ್ಮಿಗೆ, ಅತ್ತಿಗೆ ಹಟ ಹಿಡಿದು ತೆಗೆದದ್ದಕ್ಕೆ, ಎಂಬತ್ತೆಂಟೂ ಕಾಲು. ಆ ದಿನ ಮೇಜಿನ ಮೇಲಿದ್ದ ಇಪ್ಪತ್ತೆರಡರಲ್ಲಿ ಅದೇ ಎಲ್ಲಕ್ಕಿಂತ ಮೇಲು.

"ಎಷ್ಟು ದಿನ ಇಟ್ಟಿದ್ರಿ ಇದನ್ನ?" ವೊಂಡಿಮು ಕೇಳಿದರು.

ಅತ್ತಿಗೆ ಅತ್ತೆಯನ್ನು ನೋಡಿದಳು. ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಏಳು ದಿನ. ಆದ್ರೆ ದಿನದ ಮೇಲೆ ಹೋಗ್ಲಿಲ್ಲ ಸಾರ್. ನಮ್ಮತ್ತೆ ಮೂಸೋದು ಹೇಳಿಕೊಟ್ರು."

"ನಾನು ಎಂಟು ಅಂದಿದ್ದೆ," ದೊಡ್ಡಮ್ಮ ಕಿಟಕಿಗೇ ಹೇಳಿದಳು. ಆಮೇಲೆ ಇತ್ತ ತಿರುಗಿ, "ಎಂಟಾಗಿದ್ರೆ ಕೆಡ್ತಿತ್ತು. ಇವಳ ಮೂಗು ಚುರುಕಾಗಿದೆ," ಎಂದಳು. ಹದಿನೇಳು ವರ್ಷದಲ್ಲಿ ಹೊರಗಿನವರ ಮುಂದೆ ಸೊಸೆಯನ್ನು ಹೊಗಳಿದ್ದು ಅದೊಂದೇ ಸಲ. ಅತ್ತಿಗೆ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು. ಯಾರೂ ಅವಳಿಗೆ ಆ ಕೆಲಸ ಹೇಳಿರಲಿಲ್ಲ.

ಎರಡು ಡ್ರಮ್ಮಿನ ಕಾಫಿ, ಬೀಜ ಬಿಡಿಸಿದ ಮೇಲೆ ಒಂದು ಚೀಲಕ್ಕೂ ಕಡಿಮೆಯೇ. ಆದರೂ ಬೇರೆಯಾಗಿ ಕಟ್ಟಿ, ಬೇರೆಯಾಗಿ ಹೊಲಿದು, ಬೇರೆ ಬೆಲೆಗೆ ಹೋಯಿತು. ಸಮುದ್ರದಾಚೆ ಬರ್ಗೆನ್ ಎಂಬ ಊರಿನ ಕಾಫಿ ಹುರಿದು ಮಾರುವವನೊಬ್ಬ ಅಷ್ಟನ್ನೂ ಕೊಂಡ. ಬಂದ ಹಣದಲ್ಲಿ ಮೊದಲು ಮನೆಗೆ ಹೊಸ ತಗಡಿನ ಮಾಡು ಬಂತು. ಕೇಂದ್ರದ ಯಜಮಾನರು ದೊಡ್ಡಮ್ಮನಿಗೆ ಹೇಳಿಕಳಿಸಿದರು, ಹಣ್ಣಿನ ಕಾಲದಲ್ಲಿ ವಾರಕ್ಕೆರಡು ದಿನ ಬಂದು ಡ್ರಮ್ಮುಗಳನ್ನು ಮೂಸಿ ಹೋಗಬೇಕು, ಕೂಲಿ ಕೊಡುತ್ತೇವೆ ಎಂದು. "ಕತ್ತೆ ಕಳಿಸಿದ್ರೆ ಬರ್ತೀನಿ" ಎಂದು ಉತ್ತರ ಹೋಯಿತು. ಊರಲ್ಲಿ ಇನ್ನೂ ಏಳು ಮನೆಯ ಹೆಂಗಸರು ಡ್ರಮ್ಮು ಕೇಳಿ ನನ್ನ ಹತ್ತಿರ ಹೆಸರು ಬರೆಸಿದರು.

ಆಗಸ್ಟಿನ ಮಳೆಯಲ್ಲಿ ಬರ್ಗೆನ್‌ನಿಂದ ಒಂದು ಸಣ್ಣ ಪೊಟ್ಟಣ ಬಂತು. ಅದೇ ಕಾಫಿ, ಹುರಿದದ್ದು. ನಾನು ಅಂಗಿಯೊಳಗೆ ಇಟ್ಟುಕೊಂಡು ಬೆಟ್ಟ ಹತ್ತಿದೆ. ದೊಡ್ಡಮ್ಮ ಪೊಟ್ಟಣ ಒಡೆದು, ಬೀಜವನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಅಯ್ಯೋ, ಅಷ್ಟು ದೂರ ಹೋಗಿ ಹಸಿಯಾಗೇ ವಾಪಸು ಬಂದಿದೆ" ಎಂದು ಸೀದಾ ಒಲೆಯ ಹತ್ತಿರ ನಡೆದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅರ್ಧ ಪೊಟ್ಟಣ ಬಾಣಲೆಯಲ್ಲಿತ್ತು. ಕಪ್ಪಾಗುವವರೆಗೆ ಮತ್ತೆ ಹುರಿದಳು, ಕುಟ್ಟಿದಳು, ಮಣ್ಣಿನ ಹೂಜಿಯಲ್ಲಿ ಕುದಿಸಿ, ನಮ್ಮ ಪದ್ಧತಿಯಂತೆ ಉಪ್ಪು, ಬೆಣ್ಣೆ ಹಾಕಿ ನೆರೆಹೊರೆಯವರಿಗೆಲ್ಲ ಬಗ್ಗಿಸಿದಳು. ಎಲ್ಲರೂ ಮೂರು ಮೂರು ಲೋಟ ಕುಡಿದು, ಚೆನ್ನಾಗಿದೆ ಎಂದರು.

ಉಳಿದರ್ಧವನ್ನು ಅತ್ತಿಗೆ ಶಾಲಿನ ಸೆರಗಲ್ಲಿ ಬಚ್ಚಿಟ್ಟಿದ್ದಳು. ಜನ ಹೋದ ಮೇಲೆ ಹಿತ್ತಿಲ ಸೂರಿನಡಿ ಅದನ್ನು ಪುಡಿ ಮಾಡಿ, ಸೆಲಮಾವಿತ್ ತೋರಿಸಿದಂತೆ ಬಟ್ಟಲಿಗೆ ಬಿಸಿನೀರು ಸುರಿದು, ಮೇಲಿನ ನೊರೆ ತೆಗೆದು, ನನಗೂ ಲಾತಾಮೊ ಅಣ್ಣನಿಗೂ ಒಂದೊಂದು ಕೊಟ್ಟಳು. ಬೆಣ್ಣೆಯಿಲ್ಲ, ಉಪ್ಪಿಲ್ಲ. ನಾನು ಹದಿನಾರು ವರ್ಷ ಕಾಫಿ ತೂಗಿದವನು. ಕಾಫಿ ಹೀಗೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿ ಹಣ್ಣಿತ್ತು, ಕಾಫಿ ಹೂವಿನ ವಾಸನೆಯಿತ್ತು, ಕೊನೆಯಲ್ಲಿ ನಾಲಗೆಯ ಮೇಲೆ ಒಂದು ಸಿಹಿ ಬಹಳ ಹೊತ್ತು ಕೂತಿತ್ತು. ಲಾತಾಮೊ ಅಣ್ಣ ಹೆಂಡತಿಯನ್ನು ನೋಡಿ, "ಇದು ನಮ್ಮ ಗಿಡದ್ದೇನಾ?" ಎಂದ.

"ಮೇಲಿನ ತೋಟದ್ದು," ಅಂದಳು ಅತ್ತಿಗೆ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದು. ದೊಡ್ಡಮ್ಮ ಗಾಳಿಯಲ್ಲಿ ಮೂಗೆತ್ತಿ ನಿಂತಿದ್ದಳು.

"ನನ್ನ ಬಿಟ್ಟು ಕುಡೀತಿದೀರಾ? ಇತ್ತ ಹಾಕು."

ಅತ್ತಿಗೆ ತನ್ನ ಬಟ್ಟಲನ್ನೇ ಅವಳಿಗೆ ಕೊಟ್ಟಳು. ದೊಡ್ಡಮ್ಮ ಸೂರಿನ ಕಂಬಕ್ಕೆ ಒರಗಿ, ಮಳೆ ನೋಡುತ್ತ, ಒಂದೊಂದೇ ಗುಟುಕು ಕುಡಿದಳು. ಬಟ್ಟಲು ಖಾಲಿ ಮಾಡಿ ಸೊಸೆಯ ಕೈಗಿಟ್ಟು, "ಮಳೆ ನಿಂತ ಮೇಲೆ ಮೇಲಿನ ತೋಟಕ್ಕೆ ಹೋಗಿ ಬರೋಣ, ಕಾಯಿ ಎಷ್ಟು ಕಟ್ಟಿದೆ ನೋಡೋಣ" ಅಂದಳು.